ಬಟ್ಟೆ ಒಗೆಯೋದು ಎಲ್ಲಿ?

ಏಳು ರಾತ್ರಿ ನದಿಯ ಮೇಲೆ ಹಡಗಿನಲ್ಲೇ ಇರಬೇಕು ಎಂದು ಮಗಳು ಫೋನಿನಲ್ಲಿ ವಿವರಿಸಿದಾಗ ನಮ್ಮ ಅಕ್ಕ ಕೇಳಿದ ಮೊದಲ ಪ್ರಶ್ನೆ, “ಹಾಗಾದ್ರೆ ಬಟ್ಟೆ ಒಗೆಯೋದು ಎಲ್ಲೇ?” ಎಂಬುದು. ಪಾಸ್‌ಪೋರ್ಟು, ವೀಸಾ, ಚಳಿ, ಊಟ ಇವೆಲ್ಲ ಆಮೇಲೆ ಬಂದವು. ಆ ಕಡೆಯಿಂದ ಸುಮಾ ನಕ್ಕಳು. “ದೊಡ್ಡಮ್ಮ, ನೀವು ರಜಕ್ಕೆ ಬರ್ತಿದ್ದೀರಿ, ಬಟ್ಟೆ ಒಗೆಯೋಕಲ್ಲ” ಎಂದಳು. ಅಕ್ಕ ಮಾತ್ರ ನಗಲಿಲ್ಲ. ಏಳು ದಿನಕ್ಕೆ ಎಷ್ಟು ಸೀರೆ, ಎಷ್ಟು ರವಿಕೆ, ಎಷ್ಟು ಒಳಲಂಗ ಎಂದು ಬೆರಳು ಮಡಚಿ ಲೆಕ್ಕ ಹಾಕುತ್ತಿದ್ದಳು.

ಸುಮಾ ಪ್ಯಾರಿಸ್ಸಿನಲ್ಲಿ ಕೆಲಸಕ್ಕಿದ್ದಾಳೆ. 2023ರ ಮೇ ತಿಂಗಳಲ್ಲಿ ಅವಳಿಗೆ ರಜ ಸಿಗುವಂತಿರಲಿಲ್ಲ. ಆದರೆ ನನ್ನ ನಿವೃತ್ತಿಯಾದ ವರ್ಷದಿಂದ ‘ಅಮ್ಮನಿಗೆ ಒಂದು ಪ್ರವಾಸ’ ಎಂದು ಅವಳು ಹಟ ಹಿಡಿದಿದ್ದಳು. ಪ್ಯಾರಿಸ್ಸಿನಿಂದ ಸೇನ್ ನದಿಯಲ್ಲಿ ಇಳಿಯುತ್ತ ನಾರ್ಮಂಡಿಯ ತನಕ ಹೋಗಿ ಅದೇ ದಾರಿಯಲ್ಲಿ ವಾಪಸಾಗುವ ಹಡಗು. ಸಾಮಾನು ಹೊರುವುದಿಲ್ಲ, ಹೋಟೆಲು ಬದಲಾಯಿಸುವುದಿಲ್ಲ, ವಯಸ್ಸಾದವರಿಗೆ ಹೇಳಿ ಮಾಡಿಸಿದ್ದು ಎಂದಳು. ನಮ್ಮ ಯಜಮಾನರು, “ನದಿ ನೋಡೋದಕ್ಕೆ ತುಂಗೆ ಇಲ್ಲವೇ?” ಎಂದು ಪತ್ರಿಕೆ ಬಿಡಿಸಿಕೊಂಡು ಕೂತುಬಿಟ್ಟರು. ಭಾವ ಹೋಗಿ ಮೂರು ವರ್ಷವಾಗಿತ್ತು. ಅಕ್ಕ ತೋಟದ ಮನೆಯಲ್ಲಿ ಒಬ್ಬಳೇ ಇದ್ದಳು. ಹಾಗೆ ನಾವಿಬ್ಬರೂ ಹೊರಟೆವು.

ನಿಜ ಹೇಳಿಬಿಡುತ್ತೇನೆ. ಅಕ್ಕನನ್ನು ಕರೆದುಕೊಂಡು ಹೋದದ್ದರಲ್ಲಿ ನನಗೆ ಸ್ವಲ್ಪ ಹೆಮ್ಮೆಯೂ ಇತ್ತು. ‘ಪಾಪ, ತೀರ್ಥಹಳ್ಳಿ, ಶಿವಮೊಗ್ಗ, ಹೆಚ್ಚೆಂದರೆ ಧರ್ಮಸ್ಥಳ ಬಿಟ್ಟು ಬೇರೆ ನೋಡಿದವಳಲ್ಲ, ನಾನು ಪ್ರಪಂಚ ತೋರಿಸುತ್ತಿದ್ದೇನೆ’ ಎಂದು ನೆಂಟರಿಷ್ಟರ ಮುಂದೆ ಹೇಳಿಯೂ ಹೇಳಿದ್ದೆ. ನಾನು 33 ವರ್ಷ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿದವಳು. ಭೂಪಟದ ಮೇಲೆ ಕೋಲಿಟ್ಟು ಎಷ್ಟು ಸಲ ಸೇನ್ ನದಿಯನ್ನು ತೋರಿಸಿದ್ದೇನೋ! ಅಕ್ಕ ಓದಿದ್ದು ಎಂಟನೆಯ ಕ್ಲಾಸು.

ಹಡಗಿನ ಕೋಣೆ ನಮ್ಮ ದೇವರ ಮನೆಗಿಂತ ಸ್ವಲ್ಪ ದೊಡ್ಡದು. ಎರಡು ಮಂಚ, ಒಂದು ಕಿಟಕಿ, ತಿರುಗಿದರೆ ಮೊಣಕೈ ತಾಗುವ ಬಚ್ಚಲು. ಮೇಜಿನ ಮೇಲೆ ಬಟ್ಟೆ ಒಗೆದುಕೊಡುವ ದರಪಟ್ಟಿ ಇತ್ತು. ಒಂದು ರವಿಕೆಗೆ ಐದು ಯೂರೋ. ಅದನ್ನು ರೂಪಾಯಿಗೆ ತಿರುಗಿಸಿ ಹೇಳಿದ್ದು ನನ್ನದೇ ತಪ್ಪು. ಅಕ್ಕ ಆ ಕಾಗದವನ್ನು ಹಾವು ಮುಟ್ಟಿದಂತೆ ಮುಟ್ಟಿ ಸೆಳೆಖಾನೆಯೊಳಗೆ ತುರುಕಿದಳು. ತಾನು ಊರಿನಿಂದ ತಂದಿದ್ದ ನೈಲಾನ್ ಹಗ್ಗವನ್ನು ಬಚ್ಚಲಿನಲ್ಲಿ ಈ ಕೊಕ್ಕೆಯಿಂದ ಆ ಕೊಕ್ಕೆಗೆ ಕಟ್ಟಿ, ಕೈತೊಳೆಯುವ ಪುಟ್ಟ ಬೋಗುಣಿಯಲ್ಲಿ ಮೊದಲ ರಾತ್ರಿಯೇ ಕೆಲಸ ಶುರು ಮಾಡಿದಳು. ಕೋಣೆ ಗುಡಿಸಲು ಬರುವ ಹುಡುಗಿ ಏನೆಂದುಕೊಂಡಾಳು ಎಂದು ನನಗೆ ನಾಚಿಕೆ. “ಅವಳಿಗೂ ಬಟ್ಟೆ ಇರ್ತದಲ್ಲ” ಎಂದಳು ಅಕ್ಕ.

ಊಟದ ಕಥೆಯನ್ನು ಉದ್ದ ಮಾಡುವುದಿಲ್ಲ. ವಿದೇಶಕ್ಕೆ ಹೋಗಿಬಂದ ನಮ್ಮ ಹೆಂಗಸರೆಲ್ಲ ಅದನ್ನೇ ಬರೆದಿದ್ದಾರೆ. ಅಡುಗೆಯವನು ಪುಣ್ಯಾತ್ಮ, ನಮಗಾಗಿ ದಿನಕ್ಕೊಂದು ತರಕಾರಿ ಬೇಯಿಸಿದ. ಅಕ್ಕ ಅದಕ್ಕೆ ದಿನಕ್ಕೊಂದು ಚಮಚ ಚಟ್ನಿಪುಡಿ ಬೆರೆಸಿದಳು. ನಾರ್ಮಂಡಿಯ ಹೆಸರಾಂತ ಚೀಸು ಬಂದ ದಿನ ಮೂಸಿ ನೋಡಿ, “ಇದನ್ನ ನಿನ್ನೆಯೇ ಚೆಲ್ಲಬೇಕಿತ್ತು” ಎಂದಳು. ಅಷ್ಟೇ.

ಪ್ಯಾರಿಸ್ಸನ್ನು ರಾತ್ರಿ ಬಿಟ್ಟೆವು. ನೋತ್ರ್ ದಾಮ್ 2019ರ ಬೆಂಕಿಯಿಂದ ಇನ್ನೂ ಚೇತರಿಸಿಕೊಳ್ಳುತ್ತಿತ್ತು. ಅದರ ಮೈತುಂಬ ಕಟ್ಟಿದ ಅಟ್ಟಣಿಗೆಯನ್ನಷ್ಟೇ ಸುಮಾ ತೋರಿಸಿದ್ದಳು. ಸೇನ್ ನೇರವಾಗಿ ಹರಿಯುವ ನದಿಯಲ್ಲ. ಹೊರಡಲು ಮನಸ್ಸಿಲ್ಲದ ನೆಂಟರಂತೆ ತಿರುತಿರುಗಿ ಹಿಂದೆ ಬರುತ್ತದೆ. ವೆರ್ನೋನ್‌ನಲ್ಲಿ ಇಳಿದು ಚಿತ್ರಕಾರ ಮೊನೆ ತನ್ನ ಕೊನೆಯ ತನಕ, ಎಂದರೆ 1926ರ ತನಕ, ಬಾಳಿದ ಜಿವೆರ್ನಿಯ ತೋಟ ನೋಡಿದೆವು. ಎಲ್ಲರೂ ನೈದಿಲೆಯ ಕೊಳದ ಫೋಟೋ ತೆಗೆಯುತ್ತಿದ್ದಾಗ ಅಕ್ಕ, “ಕಳೆ ತೆಗೆಯೋಕೆ ಎಷ್ಟು ಆಳು ಇಟ್ಟಿದ್ದಾರೆ ಕೇಳು” ಎಂದಳು.

ದಾರಿಯಲ್ಲಿ ಅಲ್ಲಲ್ಲಿ ಲಾಕ್‌ಗಳು ಬಂದವು. ಹಡಗನ್ನು ತೊಟ್ಟಿಯಂಥ ಜಾಗಕ್ಕೆ ಒಳಗೆ ಬಿಟ್ಟು, ಬಾಗಿಲು ಹಾಕಿ, ನೀರನ್ನು ಖಾಲಿ ಮಾಡುತ್ತ ಕೆಳಗಿಳಿಸುತ್ತಾರೆ. ಅಕ್ಕ ಇದನ್ನು ಮಾತ್ರ ಒಂದೂ ತಪ್ಪಿಸಲಿಲ್ಲ. ನಡುರಾತ್ರಿ ಹಡಗು ನಿಂತರೂ ಶಾಲು ಹೊದ್ದು ಕಿಟಕಿಗೆ ಹೋಗುತ್ತಿದ್ದಳು. ಗೋಡೆಯ ಪಾಚಿಯ ಗುರುತು ನೋಡಿ, ಎಷ್ಟು ಅಡಿ ಇಳಿದೆವು, ಎಷ್ಟು ನಿಮಿಷ ಹಿಡಿಯಿತು ಎಂದು ಹೇಳುತ್ತಿದ್ದಳು. ಅಂಫ್ರೆವಿಲ್‌ನ ಲಾಕ್ ಕೊನೆಯದು. ಅಲ್ಲಿಂದ ಮುಂದೆ ನದಿ ಸಮುದ್ರದ ಮಾತು ಕೇಳುತ್ತದೆ, ಉಬ್ಬರ ಬಂದಾಗ ಏರುತ್ತದೆ, ಇಳಿತಕ್ಕೆ ಇಳಿಯುತ್ತದೆ. ರುವಾನ್ ಪಟ್ಟಣದಲ್ಲಿ, ಜೋನ್ ಆಫ್ ಆರ್ಕಳನ್ನು 1431ರಲ್ಲಿ ಸುಟ್ಟ ಚೌಕದಲ್ಲಿ ನಿಂತು ನಾನು ಪಾಠದ ಧಾಟಿಯಲ್ಲೇ ಎಲ್ಲ ವಿವರಿಸಿದೆ. ಹುಡುಗಿಗೆ ಹತ್ತೊಂಬತ್ತರ ಸುಮಾರು ವಯಸ್ಸು, 1920ರಲ್ಲಿ ಅದೇ ಚರ್ಚಿನವರು ಸಂತಳೆಂದು ಘೋಷಿಸಿದರು ಎಂದೆ. “ಸುಟ್ಟಮೇಲೆ ದೇವರು ಮಾಡೋದು ಎಲ್ಲ ಕಡೆ ಇದ್ದದ್ದೇ” ಎಂದು ಅಕ್ಕ ಮುಂದೆ ನಡೆದಳು.

ಆ ಸಂಜೆ ಹಡಗಿನ ಮೇಲಟ್ಟದಲ್ಲಿ ಕೂತಿದ್ದೆವು. ನಮ್ಮ ಊಟದ ಮೇಜಿನವಳೇ ಆದ ಒಬ್ಬ ಆಸ್ಟ್ರೇಲಿಯಾದ ಹೆಂಗಸು ಪಕ್ಕದ ಕುರ್ಚಿಗೆ ಬಂದಳು. ಅವಳೂ ನಿವೃತ್ತ ಶಿಕ್ಷಕಿ. ಎರಡು ದೇಶದ ಮೇಷ್ಟರಮ್ಮಗಳು ಸೇರಿದರೆ ಕೇಳಬೇಕೇ! ಉತ್ತರಪತ್ರಿಕೆ, ಹೆಡ್‌ಮಾಸ್ಟರು, ಮಾತು ಕೇಳದ ಹುಡುಗರು ಎಲ್ಲ ಬಂದು ಹೋದವು. ಅಕ್ಕ ಒಂದು ಪಕ್ಕದಲ್ಲಿ ಹತ್ತಿ ಹಿಂಜಿ ಹೂಬತ್ತಿ ಮಾಡುತ್ತ ಕೂತಿದ್ದಳು. “ನಿಮ್ಮ ಅಕ್ಕನೂ ಶಿಕ್ಷಕಿಯೇ?” ಎಂದು ಅವಳು ಕೇಳಿದಳು. ನಾನು ಇಂಗ್ಲಿಷಿನಲ್ಲಿ ಸಲೀಸಾಗಿ ಉತ್ತರ ಕೊಟ್ಟೆ: ಇಲ್ಲ, ಇಲ್ಲ, ಅವಳಿಗೆ ಓದಿನಲ್ಲಿ ಆಸಕ್ತಿ ಇರಲಿಲ್ಲ. ಆಮೇಲೆ ಮಾತು ಬೇರೆ ಕಡೆ ತಿರುಗಿತು. ಅಕ್ಕನ ಬೆರಳಲ್ಲಿ ಬತ್ತಿ ಸುತ್ತುತ್ತಲೇ ಇತ್ತು.

ಮಾರನೆಯ ಬೆಳಿಗ್ಗೆ ಹಡಗು ಕೋದ್‌ಬೆಕ್ ಎಂಬ ಊರಿನಲ್ಲಿ ನಿಂತಿತ್ತು. ಅಲ್ಲಿಂದ ಬಸ್ಸಿನಲ್ಲಿ ಸಮುದ್ರತೀರದ ಎತ್ರೆತಾಕ್ಕೆ ಕರೆದೊಯ್ಯುತ್ತಾರೆ. ನದಿಯ ಯಾತ್ರೆಯಲ್ಲಿ ಸಮುದ್ರ ಸಿಗುವ ದಿನ ಅದೊಂದೇ. ದಾರಿಯ ಎರಡೂ ಕಡೆ ತೆಳ್ಳಗೆ ಬಳಕುವ ಹಸುರು ಪೈರು. ಗೈಡ್ ಅದು ಅಗಸೆ ಎಂದಳು. ಜೂನಿನಲ್ಲಿ ಹೊಲವೆಲ್ಲ ನೀಲಿ ಹೂ ಬಿಡುತ್ತದಂತೆ, ನಾವು ಸ್ವಲ್ಪ ಮುಂಚೆ ಬಂದೆವು. ಲಿನನ್ ಬಟ್ಟೆಯ ನಾರಿಗಾಗಿ ಅಗಸೆಯನ್ನು ಫ್ರಾನ್ಸಿನಷ್ಟು ಬೆಳೆಯುವ ದೇಶ ಇನ್ನೊಂದಿಲ್ಲ. ಅಗಸೆಯಿಂದ ಬಟ್ಟೆ ಎಂದು ನಾನು ಅನುವಾದಿಸಿದರೆ, “ಬಟ್ಟೆಯಿಂದ ಅಗಸ ಅಂತ ಕೇಳಿದ್ದೆ” ಎಂದು ಅಕ್ಕ ಕಿಟಕಿಯ ಹೊರಗೆ ನೋಡಿದಳು. ಅವಳು ಬೆಳಿಗ್ಗೆಯಿಂದ ಆಡಿದ ಮೊದಲ ಮಾತು ಅದೇ ಇರಬೇಕು. ನಿದ್ದೆ ಸಾಲದಾಗಿದೆ ಎಂದುಕೊಂಡೆ.

ಎತ್ರೆತಾ ಸಾವಿರ ಚಿಲ್ಲರೆ ಜನರ ಪುಟ್ಟ ಊರು. ಆದರೆ ಬರುವವರ ಸಂಖ್ಯೆ ನೋಡಿದರೆ ನಮ್ಮ ಜಾತ್ರೆಯೇ. ಹಿಂದೆ ಇದು ಬರಿಯ ಬೆಸ್ತರ ಹಳ್ಳಿ. ಹತ್ತೊಂಬತ್ತನೆಯ ಶತಮಾನದಲ್ಲಿ ಪ್ಯಾರಿಸ್ಸಿನ ಬರಹಗಾರರು, ಚಿತ್ರಕಾರರು, ಸಂಗೀತಗಾರರು ಕಡಲಸ್ನಾನಕ್ಕೆಂದು ಬಂದು ಮನೆ ಕಟ್ಟಿಕೊಂಡರು. ಮೊಪಾಸಾನ ಮನೆ ಇಲ್ಲಿದೆ. ಕಳ್ಳ ಮಹಾಶಯ ಆರ್ಸೆನ್ ಲುಪಾನನ ಕಥೆಗಳನ್ನು ಬರೆದ ಮೋರಿಸ್ ಲೆಬ್ಲಾಂಕನ ಮನೆಯೂ ಇಲ್ಲಿದೆ. ಆ ಕಳ್ಳ 2021ರಲ್ಲಿ ಟಿ.ವಿ. ಧಾರಾವಾಹಿಯಾಗಿ ಬಂದಮೇಲೆ ನೂಕುನುಗ್ಗಲು ಇನ್ನೂ ಹೆಚ್ಚಾಯಿತಂತೆ. ಕಡಲದಂಡೆಯ ಕಟ್ಟೆಯ ಮೇಲೆ ಐಸ್‌ಕ್ರೀಮು, ಬಣ್ಣದ ಛತ್ರಿ, ಒಂದು ಜೂಜಿನ ಕ್ಯಾಸಿನೋ. ಹಳೆಯ ಮೀನುದೋಣಿಗಳನ್ನು ದಡಕ್ಕೆಳೆದು ಹುಲ್ಲಿನ ಮಾಡು ಹೊದಿಸಿ ಸಾಮಾನಿನ ಕೋಣೆ ಮಾಡಿಕೊಂಡಿದ್ದರಲ್ಲ, ಅದು ನನಗೆ ಇಷ್ಟವಾಯಿತು. ಮುರಿದ ದೋಣಿಗೂ ಒಂದು ಸಂಸಾರ.

ಆಮೇಲೆ ತಲೆ ಎತ್ತಿದೆ. ಎಡಕ್ಕೆ, ಬಲಕ್ಕೆ, ಸಮುದ್ರದಿಂದ ನೆಟ್ಟಗೆ ಎದ್ದು ನಿಂತ ಬಿಳಿಯ ಗೋಡೆಗಳು! ಕಲ್ಲಲ್ಲ, ಸೀಮೆಸುಣ್ಣ. 33 ವರ್ಷ ಅದರ ಪುಡಿಯಲ್ಲಿ ಮುಳುಗೆದ್ದ ನನಗೆ ಇಷ್ಟೆತ್ತರದ ಸೀಮೆಸುಣ್ಣ ನೋಡಿ ನಗು ಬಂತು. ಅದರ ನಡುವೆ ಒಂದರ ಮೇಲೊಂದು ಅಡ್ಡಗೆರೆ ಎಳೆದಂತೆ ಕಪ್ಪು ಚಕಮಕಿ ಕಲ್ಲಿನ ಸಾಲು. ಎಡಗಡೆಯ ಬಂಡೆಗೆ ಸಮುದ್ರ ತೂತು ಕೊರೆದು ಕಮಾನು ಮಾಡಿದೆ. ಅದರಾಚೆ ನೀರಿನ ನಡುವೆ 50 ಮೀಟರಿಗೂ ಎತ್ತರದ ಒಂದು ಸೂಜಿ ನಿಂತಿದೆ. “ಆನೆ ನೀರು ಕುಡೀತಾ ಇದೆ ನೋಡೇ” ಎಂದಳು ಅಕ್ಕ. ಹೌದು, ಕಮಾನು ಥೇಟ್ ಸೊಂಡಿಲು. ಗೈಡಿಗೆ ಹೇಳಿದರೆ ಅವಳಿಗೆ ಆಶ್ಚರ್ಯ. ಮೊಪಾಸಾನಿಗೂ ಅದು ಆನೆಯಂತೆಯೇ ಕಂಡಿತ್ತಂತೆ. ನಮ್ಮ ಸಕ್ರೆಬೈಲಿನ ಬಿಡಾರದಲ್ಲಿ ದಿನಾ ಬೆಳಿಗ್ಗೆ ಕಾಣುವ ನೋಟಕ್ಕೆ ಮೊಪಾಸಾ ಏಕೆ ಬೇಕು!

ಅಲ್ಲಿನ ಕಡಲತೀರದಲ್ಲಿ ಮರಳಿಲ್ಲ. ಮೊಟ್ಟೆಯಾಕಾರದ ಬೂದು ಕಲ್ಲುಗಳೇ ರಾಶಿರಾಶಿ. ಸುಣ್ಣದ ಗೋಡೆ ಕುಸಿದಾಗ ಸುಣ್ಣ ನೀರಿನಲ್ಲಿ ಕರಗಿಹೋಗುತ್ತದೆ, ಒಳಗಿನ ಚಕಮಕಿ ಉಳಿಯುತ್ತದೆ. ಅಲೆಗಳು ಅದನ್ನು ಉರುಳಿಸಿ ಉರುಳಿಸಿ ನುಣುಪು ಮಾಡುತ್ತವೆ. ಪ್ರತಿ ಅಲೆ ಹಿಂದೆ ಸರಿಯುವಾಗಲೂ ಅಕ್ಕಿ ಕೇರಿದಂಥ ಸದ್ದು. ನಡೆಯುವುದಂತೂ ಶಿಕ್ಷೆ, ಒಂದು ಹೆಜ್ಜೆ ಇಟ್ಟರೆ ಅರ್ಧ ಹೆಜ್ಜೆ ಹಿಂದಕ್ಕೆ. ಅಕ್ಕ ಒಂದು ಚಪ್ಪಟೆ ಕಲ್ಲನ್ನು ಆರಿಸಿ, “ಹಿಮ್ಮಡಿ ಉಜ್ಜೋಕೆ ಪ್ರಶಸ್ತವಾಗಿದೆ” ಎಂದು ಚೀಲಕ್ಕೆ ಹಾಕಿಕೊಂಡಳು. ಗೈಡಿನ ಕಣ್ಣಿಗೆ ಬಿತ್ತು. ಕಲ್ಲು ಒಯ್ಯುವುದು ನಿಷೇಧ, ದಂಡ ಬೀಳುತ್ತದೆ, ಅಲೆಯ ಹೊಡೆತದಿಂದ ಊರನ್ನು ಕಾಯುತ್ತಿರುವುದೇ ಈ ಕಲ್ಲುಗಳು ಎಂದಳು. ನನಗೆ ಮುಖ ಕೆಂಪಾಯಿತು. “ಮಾನ ಕಳೀಬೇಡ ಅಕ್ಕಾ, ಹಾಕು ಕೆಳಗೆ” ಎಂದು ಎಲ್ಲರ ಮುಂದೆ ಸಿಡುಕಿದೆ. ಅಕ್ಕ ಕಲ್ಲನ್ನು ತೆಗೆದು, ಸೆರಗಿನಿಂದ ಒರೆಸಿ, ಎಲ್ಲಿಂದ ಎತ್ತಿದ್ದಳೋ ಅಲ್ಲೇ ಇಟ್ಟಳು.

ಮೊನೆ ಇಲ್ಲಿಗೂ ಬಂದಿದ್ದ. 1885ರ ನವೆಂಬರಿನಲ್ಲಿ ಆಚೆಯ ಇನ್ನೊಂದು ದೊಡ್ಡ ಕಮಾನಿನ ಎದುರು ಕೂತು ಚಿತ್ರ ಬರೆಯುತ್ತಿದ್ದಾಗ, ಸಮುದ್ರ ಇಳಿಯುತ್ತಿದೆ ಎಂದು ಅವನ ಎಣಿಕೆ, ಅದು ಏರುತ್ತಿತ್ತು. ಒಂದು ಅಲೆ ಬಂದು ಅವನನ್ನು ಬಂಡೆಗೆ ಅಪ್ಪಳಿಸಿ, ಚಿತ್ರದ ಸಮೇತ ಎಲ್ಲವನ್ನೂ ಎಳೆದುಕೊಂಡು ಹೋಯಿತು. ಜೀವ ಉಳಿದದ್ದೇ ಹೆಚ್ಚು. ಗೈಡ್ ಇದನ್ನು ಹೇಳಿ ಎಲ್ಲರನ್ನೂ ನಗಿಸಿ, ಬಲಗಡೆಯ ಬಂಡೆಯ ನೆತ್ತಿಗೆ ಹೊರಟಳು. ಅಲ್ಲೊಂದು ಚಿಕ್ಕ ಪ್ರಾರ್ಥನಾ ಮಂದಿರವಿದೆ, ಬೆಸ್ತರು ಹರಕೆ ಹೊರುವ ಮಾತೆಯದು. ಮಹಾಯುದ್ಧದಲ್ಲಿ ನಾಶವಾದದ್ದನ್ನು ಮತ್ತೆ ಕಟ್ಟಿದ್ದಾರೆ. ಅಲ್ಲಿಂದ ಕಾಣುವುದೇ ಎತ್ರೆತಾದ ನಿಜವಾದ ನೋಟವಂತೆ. ಮೆಟ್ಟಿಲುಗಳನ್ನು ನೋಡಿ ಅಕ್ಕ ತನ್ನ ಮೊಣಕಾಲು ಮುಟ್ಟಿಕೊಂಡಳು. ಎಂದರೆ ನಾನೂ ಉಳಿಯಬೇಕು. ಇಷ್ಟು ದೂರ ಬಂದು ನೆತ್ತಿ ಹತ್ತದೆ ಹೋಗುವುದೇ ಎಂದು ನನ್ನ ಹೊಟ್ಟೆ ಉರಿಯಿತು, ಅದು ಮುಖದಲ್ಲೂ ಕಂಡಿರಬೇಕು. ಗೈಡ್ ನಮ್ಮನ್ನು ಸಮಾಧಾನ ಮಾಡುವಂತೆ, ನೀರು ಇಳಿದಿದೆ, ಎಲ್ಲರಿಗೂ ಸಿಗದ್ದೊಂದನ್ನು ತೋರಿಸುತ್ತೇನೆ ಬನ್ನಿ ಎಂದು ಕಲ್ಲರಾಶಿಯ ಕೆಳಗಿನ ಅಂಚಿಗೆ ಕರೆದೊಯ್ದಳು.

ಕಲ್ಲುಗಳ ಸಂದಿಯಿಂದ ತೆಳ್ಳಗೆ ನೀರು ಒಸರಿ ಸಮುದ್ರದ ಕಡೆ ಹರಿಯುತ್ತಿತ್ತು. ಸಿಹಿನೀರು. ಊರಿನ ಕಣಿವೆಯ ತೊರೆ ನೆಲದಡಿಗೆ ಇಳಿದು, ಸುಣ್ಣದ ಪದರದೊಳಗೇ ಬಂದು, ಇಲ್ಲಿ ಕಡಲಂಚಿನಲ್ಲಿ ಹೊರಗೆ ಬರುತ್ತದೆ. ಉಬ್ಬರದಲ್ಲಿ ಮುಚ್ಚಿಹೋಗುತ್ತದೆ, ಇಳಿತದಲ್ಲಿ ಮಾತ್ರ ಕಾಣುತ್ತದೆ. ಹಿಂದೆ ಊರಿನ ಹೆಂಗಸರೆಲ್ಲ ಇಳಿತದ ವೇಳೆ ನೋಡಿಕೊಂಡು, ಬಟ್ಟೆಗಂಟು ಹೊತ್ತು ಇಲ್ಲಿಗೆ ಬರುತ್ತಿದ್ದರು. ಕಲ್ಲುಗಳನ್ನು ಬಗೆದು ಗುಂಡಿ ಮಾಡಿಕೊಂಡು, ಮಂಡಿಯೂರಿ ಒಗೆದು, ಅವೇ ಕಲ್ಲುಗಳ ಮೇಲೆ ಹರಡಿ ಒಣಗಿಸುತ್ತಿದ್ದರು. ಸಮುದ್ರ ಮರಳಿ ಬರುವುದರೊಳಗೆ ಕೆಲಸ ಮುಗಿಯಬೇಕು. ಗೈಡ್ ತನ್ನ ಕಡತದಿಂದ ಒಂದು ಹಳೆಯ ಅಂಚೆಕಾರ್ಡಿನ ಪ್ರತಿ ತೆಗೆದು ತೋರಿಸಿದಳು. ಬಿಳಿಯ ಟೋಪಿಯ ಸಾಲುಸಾಲು ಹೆಂಗಸರು, ಎಲ್ಲರೂ ಬಗ್ಗಿದ್ದಾರೆ, ಒಬ್ಬರ ಮುಖವೂ ಕಾಣುವುದಿಲ್ಲ. ಹತ್ತಿರದ ಓನ್‌ಫ್ಲರ್‌ನಲ್ಲಿ ಹುಟ್ಟಿದ ಬೂದೆನ್ ಎಂಬ ಚಿತ್ರಕಾರ ಈ ಒಗೆಯುವವರನ್ನು ತನ್ನ ಚಿತ್ರದಲ್ಲಿ ಬರೆದಿದ್ದಾನಂತೆ. ಕಡಲಸ್ನಾನಕ್ಕೆ ಬಂದ ದೊಡ್ಡಮನೆಯವರ ಹಾಸಿಗೆ ವಸ್ತ್ರಗಳು ತಾವಾಗಿ ಬೆಳ್ಳಗಾಗುತ್ತಿರಲಿಲ್ಲವಲ್ಲ. ಇಷ್ಟು ಹೇಳಿ ಗೈಡ್ ಮೆಟ್ಟಿಲು ಹತ್ತಲು ಓಡಿದಳು.

ನಾನು ಇದನ್ನೆಲ್ಲ ಕನ್ನಡದಲ್ಲಿ ಹೇಳಿ ಮುಗಿಸುವ ಮೊದಲೇ ಅಕ್ಕ ಚಪ್ಪಲಿ ಬಿಟ್ಟು, ಕಾಲುಚೀಲ ಕಳಚಿ, ಸೀರೆ ಎತ್ತಿ ಸಿಕ್ಕಿಸಿ ಕುಕ್ಕರಗಾಲಿನಲ್ಲಿ ಕೂತಾಗಿತ್ತು. ಮೆಟ್ಟಿಲು ಹತ್ತಲಾರದ ಮೊಣಕಾಲು ಇದಕ್ಕೆ ಹೇಗೆ ಬಗ್ಗಿತೋ! ಬೆರಳು ಅದ್ದಿ ನಾಲಗೆಗೆ ಇಟ್ಟು, “ಉಪ್ಪಿಲ್ಲ” ಎಂದಳು. ನಾಲ್ಕಾರು ಕಲ್ಲು ಸರಿಸಿ ಅಂಗೈಯಗಲದ ಗುಂಡಿ ಮಾಡಿದಳು. ಸೊಂಟದಿಂದ ಕರವಸ್ತ್ರ ತೆಗೆದು ಅದರಲ್ಲಿ ಅದ್ದಿ, ಒಂದು ಚಪ್ಪಟೆ ಕಲ್ಲಿನ ಮೇಲೆ ತಿಕ್ಕತೊಡಗಿದಳು. ಅಕ್ಕಪಕ್ಕದವರು ನೋಡುತ್ತಿದ್ದರು. ನಾನು ಏನೋ ಹೇಳಲು ಬಾಯಿ ತೆರೆದೆ.

“ನಂಗೆ ಲೆಕ್ಕದಲ್ಲಿ ನೂರಕ್ಕೆ 82 ಬಂದಿತ್ತು” ಎಂದಳು ಅಕ್ಕ. ತಲೆ ಎತ್ತಲಿಲ್ಲ.

ನನಗೆ ತಕ್ಷಣ ಅರ್ಥವಾಗಲಿಲ್ಲ.

“ಎಂಟನೇ ಕ್ಲಾಸಲ್ಲಿ. ಕ್ಲಾಸಿಗೇ ಎರಡನೆಯವಳು. ಮೊದಲನೆಯವನು ಮೇಷ್ಟ್ರ ಮಗ. ನಿನ್ನೆ ಆ ಬಿಳಿಯಮ್ಮನ ಹತ್ರ ನಾಟ್ ಇಂಟರೆಸ್ಟೆಡ್ ಅಂದ್ಯಲ್ಲ. ಅಷ್ಟು ಇಂಗ್ಲಿಷ್ ನಂಗೂ ತಿಳೀತದೆ ಕಣೇ. ದಿನಾ ಟಿ.ವಿ. ನೋಡ್ತೀನಿ.”

ನಾವು ಹುಟ್ಟಿ ಬೆಳೆದದ್ದು ತೀರ್ಥಹಳ್ಳಿಯಲ್ಲಿ. ಕಮಾನಿನ ಸೇತುವೆಯಿಂದ ಸ್ವಲ್ಪ ಮೇಲಕ್ಕೆ ನಮ್ಮ ಮನೆ, ಹಿಂದೆ ಇಳಿದರೆ ತುಂಗೆ. 1969ರಲ್ಲಿ ಅಮ್ಮನಿಗೆ ಗಂಟುವಾತ ಬಂದು ಬೆರಳುಗಳು ಸೊಟ್ಟಗಾದವು. ಒಂದು ಲೋಟ ಹಿಡಿಯಲೂ ಆಗದು. ಅಪ್ಪ ಅಂಗಡಿಯ ಲೆಕ್ಕ ಬರೆಯುತ್ತಿದ್ದವರು. ಆಳು ಇಡುವ ಶಕ್ತಿ ಎಲ್ಲಿಯದು? ಮನೆಯಲ್ಲಿ ಏಳು ಜನ. ಅಕ್ಕನಿಗೆ 14, ನನಗೆ ಒಂಬತ್ತು. ಆ ಬೇಸಗೆ ರಜ ಮುಗಿದಮೇಲೆ ಶಾಲೆಗೆ ಹೋದದ್ದು ನಾನೊಬ್ಬಳೇ. ಯಾರೂ ಕೂತು ಚರ್ಚೆ ಮಾಡಿದ್ದು ನನಗೆ ನೆನಪಿಲ್ಲ. ಬೆಳಿಗ್ಗೆ ಅಕ್ಕ ಬಕೆಟ್ಟು ಎತ್ತಿಕೊಂಡು ಹೊಳೆಗೆ ಇಳಿದಳು, ಅಷ್ಟೇ.

ನನ್ನ ಬಿಳಿ ರವಿಕೆ, ನೀಲಿ ಲಂಗ ಅವಳ ಕೈಯಲ್ಲಿ ಒಗೆಸಿಕೊಂಡವು. ಬಾರ್ ಸೋಪು ಹಚ್ಚಿ, ಕಲ್ಲಿಗೆ ಬಡಿದು, ಬಿಳಿಯದಕ್ಕೆ ನೀಲಿ ಹಾಕಿ, ಬಿಸಿಲಿಗೆ ಹರಡಿ. ಮಳೆಗಾಲದಲ್ಲಿ ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿ. ‘ಎಲ್ಲರೂ ಈ ಹುಡುಗಿಯಂತೆ ಶುಭ್ರವಾಗಿ ಬರಬೇಕು’ ಎಂದು ನಮ್ಮ ಟೀಚರು ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿ ತೋರಿಸಿದ್ದುಂಟು. ಶನಿವಾರ ಮಧ್ಯಾಹ್ನ ನಾನು ಹೊಳೆಯ ಮೆಟ್ಟಿಲ ಮೇಲೆ ಕೂತು ಪಾಠ ಓದುತ್ತಿದ್ದೆ. ಗಟ್ಟಿಯಾಗಿ ಓದು ಎನ್ನುತ್ತಿದ್ದಳು ಅಕ್ಕ, ಬಟ್ಟೆ ಬಡಿಯುವ ಸದ್ದಿನಲ್ಲೂ ಕೇಳುವಂತೆ. ಬಡ್ಡಿ ಲೆಕ್ಕ, ತೊಟ್ಟಿ ತುಂಬುವ ಲೆಕ್ಕ ಓದಿದರೆ ನಾನು ಪೆನ್ಸಿಲು ಹರಿತ ಮಾಡುವುದರೊಳಗೆ ಅವಳ ಬಾಯಲ್ಲಿ ಉತ್ತರ. ಲಾಕ್‌ಗಳನ್ನು ಅಕ್ಕ ರಾತ್ರಿಯೆಲ್ಲ ಎದ್ದು ನೋಡಿದ್ದು ಏಕೆಂದು ನನಗೆ ಆ ಕಡಲಂಚಿನಲ್ಲಿ ಹೊಳೆಯಿತು. ಹೊಳೆಯಲು ಅಷ್ಟು ದೂರ ಹೋಗಬೇಕಾಯಿತೇ ಎಂದು ನೀವು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ.

‘ದೊಡ್ಡವಳಿಗೆ ಓದು ಹತ್ತಲಿಲ್ಲ’ ಎಂಬ ಮಾತು ನಾನು ಹುಟ್ಟಿಸಿದ್ದಲ್ಲ. 1984ರಲ್ಲಿ ನನ್ನನ್ನು ನೋಡಲು ಬಂದ ಗಂಡಿನ ಕಡೆಯವರು ಕೇಳಿದಾಗ ಅಮ್ಮ ಹೇಳಿದ್ದು. ಮನೆಯ ಬಡತನ, ತನ್ನ ಕಾಯಿಲೆ, ಅದು ಎಲ್ಲಿ ಮಗಳಿಗೂ ಬಂದೀತೋ ಎಂಬ ಸಂಶಯ ಅವರಿಗೆ ಹುಟ್ಟಬಾರದೆಂದು ಆ ತಾಯಿ ಹಾಗೆಂದಳು. ಅಕ್ಕ ಆಗ ಒಳಗೆ ಉಪ್ಪಿಟ್ಟು ಕೆದಕುತ್ತಿದ್ದಳು, ಬಾಣಂತನ ಮುಗಿಸಿಕೊಂಡು ತವರಿನಲ್ಲಿದ್ದಳು. ಅಮ್ಮ ಒಂದು ಸಲ ಹೇಳಿದ್ದನ್ನು ನಾನು ನಲವತ್ತು ವರ್ಷ ಹೇಳಿದೆ. ಗಂಡನ ಮನೆಯಲ್ಲಿ, ಸ್ಟಾಫ್ ರೂಮಿನಲ್ಲಿ, ಮಗಳಿಗೆ. ಅದರಲ್ಲೊಂದು ಅನುಕೂಲವಿತ್ತು. ಅವಳಿಗೆ ಓದು ಬೇಡವಾಗಿತ್ತು ಎಂದಾದರೆ ನಾನು ಓದಿದ್ದು ಬರಿಯ ನನ್ನ ಬುದ್ಧಿವಂತಿಕೆ.

“ಅಕ್ಕಾ…” ಎಂದೆ. ಮುಂದೆ ಏನು ಎಂದು ಗೊತ್ತಿರಲಿಲ್ಲ. ಪಕ್ಕದಲ್ಲಿ ಕೂರಲು ಹೋದೆ. ಕಲ್ಲು ಜಾರಿ ಧೊಪ್ಪನೆ ಕುಳಿತೆ. ಸೀರೆ ಮಂಡಿಯ ತನಕ ಒದ್ದೆಯಾಯಿತು.

“ಪೆಟ್ಟಾಯ್ತಾ?”

“ಇಲ್ಲ. ನೀನು ಯಾಕೆ ಇಷ್ಟು ವರ್ಷ ಏನೂ ಹೇಳಲಿಲ್ಲ?”

“ಯಾರೂ ಕೇಳ್ಲಿಲ್ಲ.” ಕರವಸ್ತ್ರ ಹಿಂಡಿದಳು. “ನೀನು ಓದಿದ್ದಕ್ಕೆ ನಂಗೇನು ಹೊಟ್ಟೆಕಿಚ್ಚಿಲ್ಲ. ನಿನ್ನ ರಿಸಲ್ಟ್ ಬಂದ ದಿನ ಬೀದಿಗೆಲ್ಲ ಬೆಲ್ಲ ಹಂಚಿದ್ದು ನಾನೇ. ಆದ್ರೆ ಬೇಡ ಅಂದವಳು ನಾನಲ್ಲ. ಅದನ್ನ ಮಾತ್ರ ನನ್ನ ತಲೆಗೆ ಕಟ್ಟಬೇಡಿ.”

ಕರವಸ್ತ್ರವನ್ನು ಕೊಡವಿ ಒಂದು ಬಿಸಿ ಕಲ್ಲಿನ ಮೇಲೆ ಹರಡಿದಳು. ಮೇ ತಿಂಗಳ ಬಿಸಿಲಿಗೆ ಅಲ್ಲಿ ಅಂಥ ಕಾವಿಲ್ಲ. ನಾವಿಬ್ಬರೂ ಅದು ಒಣಗುವುದನ್ನು ನೋಡುತ್ತ ಕೂತೆವು. ಕ್ಷಮೆ ಕೇಳುವುದು ನಮ್ಮ ಮನೆಗಳಲ್ಲಿ ರೂಢಿಯಿಲ್ಲದ ಸಂಗತಿ. ಕೇಳಿದ್ದರೆ ಅಕ್ಕ, “ನಾಟಕ ಬೇಡ” ಎನ್ನುತ್ತಿದ್ದಳು. ನಾನು ಕೇಳಲಿಲ್ಲ. ಅವಳ ಕೈ ನೋಡಿದೆ. ಬೆರಳ ಗಂಟುಗಳು ಅಮ್ಮನ ಗಂಟುಗಳಂತೆಯೇ ದಪ್ಪಗಾಗಿವೆ. ಎಂದಿನಿಂದಲೋ!

ಸ್ವಲ್ಪ ಹೊತ್ತಿಗೆ ಸಮುದ್ರದ ಸದ್ದು ಬದಲಾಯಿತು. ಮೊದಲು ಅಕ್ಕನಿಗೇ ತಿಳಿದದ್ದು. “ಏಳು, ನೀರು ತಿರುಗ್ತು” ಎಂದಳು. ಮೊನೆಗೆ ತಿಳಿಯದ್ದು ಇವಳಿಗೆ ತಿಳಿಯಿತು. ನಾವು ಮೇಲೇರಿ ತಿರುಗಿ ನೋಡುವಷ್ಟರಲ್ಲಿ ಅವಳ ಪುಟ್ಟ ಗುಂಡಿಯ ಅಂಚಿಗೆ ಉಪ್ಪುನೀರಿನ ನೊರೆ ಬಂದಿತ್ತು.

ಬಂಡೆ ಹತ್ತಿದವರು ಕೆಂಪಾದ ಮುಖ ಹೊತ್ತು ಇಳಿದರು. ಆಸ್ಟ್ರೇಲಿಯಾದ ಹೆಂಗಸು ಮೇಲಿರುವ ಸ್ಮಾರಕದ ಕಥೆಯನ್ನು ಒಂದೇ ಉಸಿರಿನಲ್ಲಿ ಹೇಳಿದಳು. 1927ರ ಮೇ 8ರಂದು ನನ್ಜೆಸ್ಸೆ ಮತ್ತು ಕೋಲಿ ಎಂಬ ಇಬ್ಬರು ವೈಮಾನಿಕರು ಪ್ಯಾರಿಸ್ಸಿನಿಂದ ನ್ಯೂಯಾರ್ಕಿಗೆ ಎಲ್ಲೂ ನಿಲ್ಲದೆ ಹಾರಲು ಹೊರಟು, ಈ ಎತ್ರೆತಾದ ಮೇಲೆ ಹಾದು ಹೋದದ್ದೇ ಕೊನೆ, ಮತ್ತೆ ಸಿಗಲಿಲ್ಲ. ಎರಡು ವಾರದೊಳಗೆ ಲಿಂಡ್‌ಬರ್ಗ್ ಆ ಕಡೆಯಿಂದ ಈ ಕಡೆಗೆ ಹಾರಿ ಹೆಸರು ಮಾಡಿದ. ನನಗೆ ಅರ್ಧ ಕೇಳಿಸಿತು, ಅರ್ಧ ಇಲ್ಲ.

ಮರದ ಹಳೆಯ ಮಾರುಕಟ್ಟೆಯಲ್ಲಿ ಆ ಒಗೆಯುವ ಹೆಂಗಸರ ಅಂಚೆಕಾರ್ಡು ಸಿಕ್ಕಿತು. ಒಂದು ಕೊಂಡೆ. ಬಸ್ಸಿನಲ್ಲಿ ಅಕ್ಕ ಅದನ್ನು ಕನ್ನಡಕ ಏರಿಸಿ ತುಂಬ ಹೊತ್ತು ನೋಡಿ, “ಇವಳು ಹಿಂಡೋ ರೀತಿ ಸರಿಯಿಲ್ಲ, ಬೆನ್ನು ಹೋಗ್ತದೆ” ಎಂದು ಒಬ್ಬಳನ್ನು ಬೆರಳಿಟ್ಟು ತೋರಿಸಿದಳು.

ಆ ರಾತ್ರಿ ಊಟದ ಮೇಜಿನಲ್ಲಿ ನಾನು ಆಸ್ಟ್ರೇಲಿಯಾದವಳಿಗೆ ಹೇಳಿದೆ: ನಿನ್ನೆ ನಾನು ಹೇಳಿದ್ದು ತಪ್ಪು, ನನ್ನ ಅಕ್ಕ ಗಣಿತದಲ್ಲಿ ಬಹಳ ಜಾಣೆ, ನಾನು ಓದಲೆಂದು ಅವಳು ಶಾಲೆ ಬಿಟ್ಟಳು. ಅವಳು ಚಮಚ ಕೆಳಗಿಟ್ಟು ಅಕ್ಕನ ಕೈ ಹಿಡಿದುಕೊಂಡು ಏನೇನೋ ಹೇಳಿದಳು. ಅಕ್ಕ ನಗುತ್ತಲೇ ಕನ್ನಡದಲ್ಲಿ ನನಗೆ, “ಇವಳಿಗೆ ಹೇಳಿ ಏನು ಬಂತು? ನಾಲ್ಕು ದಿನಕ್ಕೆ ಇಳಿದು ಹೋಗೋಳು. ಸುಮಾಗೆ ಹೇಳು” ಎಂದಳು.

ಕೋಣೆಗೆ ಬಂದು ಅಂಚೆಕಾರ್ಡನ್ನು ತಿರುಗಿಸಿ ಇಟ್ಟುಕೊಂಡೆ. ‘ಚಿ. ಸುಮಾಳಿಗೆ ಅಮ್ಮನ ಆಶೀರ್ವಾದಗಳು. ನಿನ್ನ ದೊಡ್ಡಮ್ಮನ ವಿಷಯದಲ್ಲಿ ನಾನು ನಿನಗೆ ಮೊದಲಿಂದ ಹೇಳುತ್ತ ಬಂದದ್ದು’ ಎಂದು ಬರೆಯುವಷ್ಟರಲ್ಲಿ ಅರ್ಧ ಜಾಗ ಮುಗಿದಿತ್ತು. ಕಾಗದ ಬರೆಯುವುದು ಮರೆತುಹೋಗಿದೆ. ಕಿಟಕಿಯಾಚೆ ನದಿ ಉಬ್ಬರಕ್ಕೆ ಏರಿ, ದಡದ ದೀಪಗಳು ಹತ್ತಿರವಾದಂತೆ ಕಾಣುತ್ತಿತ್ತು. ಬಚ್ಚಲಿನಿಂದ ನೀರಿನ ಸದ್ದು ಬರುತ್ತಿತ್ತು. ಕಡಲ ನೀರಿನಲ್ಲಿ ಒದ್ದೆಯಾದ ನನ್ನ ಸೀರೆಯನ್ನೂ ತನ್ನದರ ಜೊತೆ ನೆನೆಹಾಕಿದ್ದಳು.

“ಬಾ ಇಲ್ಲಿ, ಒಂದು ತುದಿ ಹಿಡಿ” ಎಂದು ಕರೆದಳು.

ಆರು ಗಜದ ಸೀರೆ ಹಿಂಡಲು ಆ ಕೋಣೆಯಲ್ಲಿ ಜಾಗವೆಲ್ಲಿ? ಅವಳು ಬಚ್ಚಲೊಳಗೆ, ನಾನು ಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು, ನಡುವೆ ಮಡಚಿದ ಸೀರೆ. ಅವಳು ಬಲಕ್ಕೆ ತಿರುವಿದಳು, ನಾನೂ ಬಲಕ್ಕೆ ತಿರುವಿದೆ. ನೀರೆಲ್ಲ ಹಡಗಿನವರ ರತ್ನಗಂಬಳಿಯ ಮೇಲೆ.

“ಆ ಕಡೆ ಅಲ್ವೇ ಮಾರಾಯ್ತಿ, ಈ ಕಡೆ. ಸರಿಯಾಗಿ ತಿರುವು. ನಿಂಗೆ ಮೊದಲಿಂದ್ಲೂ ಹಿಂಡೋಕೆ ಬರೋದಿಲ್ಲ.”